ಹೊಸ ವಹಿಗೆ ಹಳೆಯ ಶಿಲ್ಕು ಬರಬೇಡವೇ?

ದೀಪಾವಳಿ ಪಾಡ್ಯದಂದು ಹೊಸ ವಹಿಗೆ ಪೂಜೆ ಮಾಡುವ ಪದ್ಧತಿ ನಮ್ಮ ಪೇಟೆಗಳಲ್ಲಿ ಇನ್ನೂ ಉಳಿದಿದೆ. ನಮ್ಮ ಹಿರಿಯರು ಹೊಸ ಕಿರ್ದಿಯ ಮೊದಲ ಪುಟದಲ್ಲಿ ‘ಶ್ರೀ’ ಎಂದು ಬರೆದು, ಹಳೆಯ ವಹಿಯ ಶಿಲ್ಕನ್ನು ಅದರ ಕೆಳಗೆ ನಮೂದಿಸಿದ ಮೇಲೆಯೇ ಹೊಸ ವ್ಯವಹಾರಕ್ಕೆ ಕೈ ಹಚ್ಚುತ್ತಿದ್ದರು. ಹಳೆಯ ವಹಿಯನ್ನು ಬಟ್ಟೆಯಲ್ಲಿ ಕಟ್ಟಿ ಅಟ್ಟದ ಮೇಲೆ ಇಡುತ್ತಿದ್ದರೇ ಹೊರತು ಒಲೆಗೆ ಹಾಕುತ್ತಿರಲಿಲ್ಲ. ಗಣಕಯಂತ್ರದ ತಂತ್ರಾಂಶವನ್ನು ನವೀಕರಿಸುವಾಗ ಮಾತ್ರ ನಾವು ಈ ಎರಡು ಕೆಲಸಗಳನ್ನೂ ಮರೆಯುತ್ತಿದ್ದೇವೆ ಎಂಬುದು ನನ್ನ ಅನಿಸಿಕೆ. ಆ ಮರೆವಿನ ದಂಡವನ್ನು ನಾನೇ ಒಮ್ಮೆ ತೆತ್ತಿರುವುದರಿಂದ ಈ ವಿಷಯವನ್ನು ವರ್ತಕ ಬಂಧುಗಳ ಮತ್ತು ಸಹವೃತ್ತಿಯವರ ಮುಂದಿಡುವ ಧೈರ್ಯ ಮಾಡಿದ್ದೇನೆ.

ಲೆಕ್ಕಪತ್ರ ತಂತ್ರಾಂಶದ ವಿಷಯದಲ್ಲಿ ಈ ಅನುಭವ ಸದಸ್ಯರಿಗೆ ಹೊಸದಲ್ಲ. ಬೆಂಗಳೂರಿನಲ್ಲಿ ಕೇಂದ್ರ ಕಛೇರಿ ಹೊಂದಿರುವ ಟ್ಯಾಲಿ ಸಂಸ್ಥೆಯ ತಂತ್ರಾಂಶವು ಟ್ಯಾಲಿ 7.2, ಟ್ಯಾಲಿ 9, 2009ರ ಇಆರ್‌ಪಿ 9, 2020ರ ಟ್ಯಾಲಿಪ್ರೈಮ್ ಎಂದು ಹೆಜ್ಜೆ ಹಾಕಿದಾಗಲೆಲ್ಲ ನಾವೂ ಅದರ ಹಿಂದೆ ಹೆಜ್ಜೆ ಹಾಕಿದ್ದೇವೆ. ಅಲ್ಲಿ ಖಾತೆಗಳ ದತ್ತಾಂಶ ಹೊಸ ಆವೃತ್ತಿಗೆ ಪರಿವರ್ತನೆಗೊಂಡು ಬರುತ್ತದೆ. ಆದರೆ ನಮ್ಮ ಅಂಗಡಿಗೆಂದೇ ಹಣ ಕೊಟ್ಟು ಬರೆಸಿಕೊಂಡ ಬಿಲ್ಲಿನ ನಮೂನೆ, ಹಮಾಲಿ ಮತ್ತು ತೂಕದ ಖರ್ಚನ್ನು ತಾನೇ ಲೆಕ್ಕ ಹಾಕುವ ಸಣ್ಣ ಜೋಡಣೆ ಮುಂತಾದವು ಹೊಸ ಆವೃತ್ತಿಯಲ್ಲಿ ನಡೆಯುತ್ತವೆಯೋ ಇಲ್ಲವೋ ಎಂಬುದನ್ನು ನಾವೇ ನೋಡಿಕೊಳ್ಳಬೇಕು. ‘ಡೇಟಾ ಬಂದಿದೆ, ಪಟ್ಟಿ ಪ್ರಿಂಟ್ ಬರುತ್ತಿಲ್ಲ’ ಎಂಬ ಮಾತನ್ನು ಕೇಳದ ಲೆಕ್ಕಪರಿಶೋಧಕನಿಲ್ಲ.

ಈ ತೊಡಕು ಇನ್ನೂ ಸೂಕ್ಷ್ಮವಾಗಿ ಕಾಣಿಸಿಕೊಳ್ಳುವುದು ಅಂಕಿಅಂಶಗಳ ವಿಶ್ಲೇಷಣೆಗೆ ಬಳಸುವ ತಂತ್ರಾಂಶಗಳಲ್ಲಿ. ನಾನು ಬಳಸುವುದು ‘ಆರ್’ ಎಂಬ ಒಂದೇ ಅಕ್ಷರದ ಹೆಸರಿನ ತಂತ್ರಾಂಶ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕಾ ಮತ್ತು ರಾಬರ್ಟ್ ಜಂಟಲ್‌ಮನ್ ಎಂಬ ಇಬ್ಬರು ಅಧ್ಯಾಪಕರು 1990ರ ದಶಕದ ಆರಂಭದಲ್ಲಿ ಇದನ್ನು ರೂಪಿಸಿದರು, 1.0 ಆವೃತ್ತಿಯು 2000ದ ಫೆಬ್ರವರಿ 29ರಂದು ಬಿಡುಗಡೆಯಾಯಿತು. ಇದಕ್ಕೆ ಬೆಲೆಯಿಲ್ಲ, ಪರವಾನಗಿ ಶುಲ್ಕವಿಲ್ಲ. ಮೂಲ ತಂತ್ರಾಂಶದ ಜೊತೆಗೆ ಜಗತ್ತಿನ ವಿವಿಧೆಡೆಯ ಜನರು ಬರೆದಿರುವ ಇಪ್ಪತ್ತು ಸಾವಿರಕ್ಕೂ ಹೆಚ್ಚು ಪ್ಯಾಕೇಜುಗಳು ‘ಕ್ರಾನ್’ ಎಂಬ ಅಂತರಜಾಲ ಭಂಡಾರದಲ್ಲಿ ಉಚಿತವಾಗಿ ದೊರೆಯುತ್ತವೆ. ಎಕ್ಸೆಲ್ ಹಾಳೆ ಓದಲು ಒಂದು, ನಕ್ಷೆ ಬರೆಯಲು ಇನ್ನೊಂದು, ವಾರದ ಧಾರಣೆಯ ಏರಿಳಿತ ಅಳೆಯಲು ಮತ್ತೊಂದು, ಹೀಗೆ ನಮಗೆ ಬೇಕಾದುದನ್ನು ಜೋಡಿಸಿಕೊಳ್ಳುತ್ತ ಹೋಗಬಹುದು.

ಚಿಕ್ಕೇರೂರಿನಂಥ ಊರಿನಲ್ಲಿ ಇದರಿಂದ ಏನು ಪ್ರಯೋಜನ ಎಂದು ಕೇಳುವವರಿದ್ದಾರೆ. ನಮ್ಮ ಹಿರೇಕೆರೂರು ಸೀಮೆಯ ವ್ಯಾಪಾರವೆಂದರೆ ಮುಖ್ಯವಾಗಿ ಗೋವಿನಜೋಳ ಮತ್ತು ಹತ್ತಿ. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಪೇಟೆಗಳ ಆವಕ ಮತ್ತು ಧಾರಣೆಗಳು ಕೇಂದ್ರ ಸರ್ಕಾರದ ಅಗ್‌ಮಾರ್ಕ್‌ನೆಟ್ ತಾಣದಲ್ಲಿ ದೊರೆಯುತ್ತವೆ. ಅವುಗಳನ್ನು ಹಲವು ವರ್ಷಗಳವರೆಗೆ ಒಂದೆಡೆ ಜೋಡಿಸಿ ನೋಡಿದಾಗ, ಮಾಲನ್ನು ಗೋದಾಮಿನಲ್ಲಿ ಎರಡು ತಿಂಗಳು ಇಟ್ಟರೆ ಬಡ್ಡಿ ಮತ್ತು ಬಾಡಿಗೆ ಕಳೆದು ಏನು ಉಳಿಯುತ್ತದೆ ಎಂಬುದರ ಅಂದಾಜು ಸಿಗುತ್ತದೆ. 2025-26ನೇ ಸಾಲಿಗೆ ಗೋವಿನಜೋಳದ ಕನಿಷ್ಠ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ. ಪೇಟೆಯ ಧಾರಣೆ ಅದರಿಂದ ಎಷ್ಟು ದೂರದಲ್ಲಿದೆ ಎಂಬುದನ್ನು ವಾರವಾರ ಗಮನಿಸುವ ವರ್ತಕನಿಗೆ ಇಂಥ ಅಂದಾಜು ಬೇಕೇ ಬೇಕು. ಅಂದಾಜು ತಪ್ಪಿದರೆ ನಷ್ಟ ಅಂಗಡಿಯದು, ಯಂತ್ರದ್ದಲ್ಲ. ಇದಕ್ಕಿಂತಲೂ ಹೆಚ್ಚಾಗಿ ನಾನು ಈ ತಂತ್ರಾಂಶವನ್ನು ಅವಲಂಬಿಸಿರುವುದು ಲೆಕ್ಕಪರಿಶೋಧನೆಯಲ್ಲಿ ಮಾದರಿಗಳನ್ನು ಆರಿಸಲು. ನನಗೆ ಪೆಟ್ಟು ಬಿದ್ದುದೂ ಅಲ್ಲಿಯೇ.

2018ರಲ್ಲಿ ಒಂದು ಅಡತಿ ಅಂಗಡಿಯ ಲೆಕ್ಕಪರಿಶೋಧನೆ ನಡೆಸುತ್ತಿದ್ದೆ. ವರ್ಷದ 1,840 ತಕ್‌ಪಟ್ಟಿಗಳಲ್ಲಿ ಎಲ್ಲವನ್ನೂ ನೋಡುವುದು ಸಾಧ್ಯವಿರಲಿಲ್ಲ. ಲೆಕ್ಕಪರಿಶೋಧನಾ ಮಾನದಂಡ 530ರ ಪ್ರಕಾರ ಮಾದರಿಗಳನ್ನು ಆರಿಸಬಹುದು. ಆದರೆ ಆಯ್ಕೆಯಲ್ಲಿ ನಮ್ಮ ಇಷ್ಟಾನಿಷ್ಟ ಸೇರಬಾರದು. ಆದುದರಿಂದ ‘ಆರ್’ಗೆ ಒಂದು ಬೀಜಸಂಖ್ಯೆಯನ್ನು ಕೊಟ್ಟು 60 ಪಟ್ಟಿಗಳನ್ನು ಆರಿಸಿದೆ. ಬೀಜಸಂಖ್ಯೆಯ ಗುಣವೆಂದರೆ, ಅದೇ ಸಂಖ್ಯೆಯನ್ನು ಯಾವಾಗ ಕೊಟ್ಟರೂ ಅದೇ 60 ಪಟ್ಟಿಗಳು ಬರಬೇಕು. ಕಡತದಲ್ಲಿ ಬೀಜಸಂಖ್ಯೆಯನ್ನು ಬರೆದಿಟ್ಟು, ಇನ್ನು ಯಾರು ಬೇಕಾದರೂ ಪರೀಕ್ಷಿಸಲಿ ಎಂದು ನೆಮ್ಮದಿಯಿಂದಿದ್ದೆ.

ಮೂರು ವರ್ಷಗಳ ನಂತರ ನಮ್ಮ ಕಛೇರಿಯ ಕಡತಗಳ ಸಹವೃತ್ತಿ ಪರಿಶೀಲನೆ ನಡೆದಾಗ ಬಂದ ಮಹನೀಯರು ಅದೇ ಕಡತವನ್ನು ತೆಗೆದರು. ಈ 60 ಪಟ್ಟಿಗಳನ್ನು ಹೇಗೆ ಆರಿಸಿದಿರಿ, ತೋರಿಸಿ ಎಂದರು. ಉತ್ಸಾಹದಿಂದ ಬೀಜಸಂಖ್ಯೆಯನ್ನು ಕೊಟ್ಟು ಆಜ್ಞೆಯನ್ನು ಚಲಾಯಿಸಿದೆ. ಪರದೆಯ ಮೇಲೆ ಬಂದ 60 ಸಂಖ್ಯೆಗಳಿಗೂ ಕಡತದಲ್ಲಿದ್ದ 60 ಸಂಖ್ಯೆಗಳಿಗೂ ಸಂಬಂಧವೇ ಇರಲಿಲ್ಲ. ಅವರು ಏನೂ ಅನ್ನಲಿಲ್ಲ. ಕನ್ನಡಕವನ್ನು ತೆಗೆದು ಮೇಜಿನ ಮೇಲಿಟ್ಟರು ಅಷ್ಟೇ. ಮೂವತ್ತು ವರ್ಷಗಳ ವೃತ್ತಿಯಲ್ಲಿ ಅಷ್ಟು ಉದ್ದದ ಮೌನವನ್ನು ನಾನು ಕೇಳಿರಲಿಲ್ಲ. ಮೊದಲು ಪಟ್ಟಿಗಳನ್ನು ಮನಸ್ಸಿಗೆ ಬಂದಂತೆ ಆರಿಸಿ, ನಂತರ ಬೀಜಸಂಖ್ಯೆಯೊಂದನ್ನು ಹುಟ್ಟಿಸಿ ಬರೆದಂತೆ ಕಾಣುತ್ತಿತ್ತು ಆ ಕಡತ.

ಕಾರಣ ಗೊತ್ತಾಗಲು ಅರ್ಧ ದಿನ ಹಿಡಿಯಿತು. 2019ರ ಏಪ್ರಿಲಿನಲ್ಲಿ ಬಂದ 3.6.0 ಆವೃತ್ತಿಯಲ್ಲಿ ಯಾದೃಚ್ಛಿಕ ಆಯ್ಕೆಯ ಒಳವಿಧಾನವನ್ನೇ ಬದಲಾಯಿಸಿದ್ದರು. ಹಳೆಯ ವಿಧಾನದಲ್ಲಿ, ಸಮೂಹ ಬಹು ದೊಡ್ಡದಾಗಿದ್ದರೆ, ಎಲ್ಲ ಸಂಖ್ಯೆಗಳಿಗೂ ಸರಿಸಮನಾದ ಅವಕಾಶ ದೊರೆಯುತ್ತಿರಲಿಲ್ಲವೆಂಬುದು ಬದಲಾವಣೆಗೆ ಕಾರಣ. ಸುಧಾರಣೆ ಯೋಗ್ಯವಾದುದೇ, ನಮ್ಮ 1,840 ಪಟ್ಟಿಗಳ ಮಟ್ಟಿಗೆ ಹಳೆಯ ವಿಧಾನದ ದೋಷ ಲೆಕ್ಕಕ್ಕೆ ಬಾರದಷ್ಟು ಸಣ್ಣದು. ಆದರೆ ಅದೇ ಬೀಜಕ್ಕೆ ಹೊಸ ಆವೃತ್ತಿಯಲ್ಲಿ ಬೇರೆ ಬೆಳೆ ಬರುತ್ತದೆ. ನಡುವಿನ ಅವಧಿಯಲ್ಲಿ ನಮ್ಮ ಕಛೇರಿಯ ಹುಡುಗ ತಂತ್ರಾಂಶವನ್ನು ನವೀಕರಿಸಿದ್ದ. ಅವನ ಮೇಲೆ ತಪ್ಪು ಹೊರಿಸಲಾರೆ. ನವೀಕರಿಸು ಎಂದವನು ನಾನೇ. ಬೀಜಸಂಖ್ಯೆಯನ್ನು ಬರೆದಿಟ್ಟು ಆವೃತ್ತಿಯ ಸಂಖ್ಯೆಯನ್ನು ಬರೆಯದೆ ಬಿಟ್ಟವನೂ ನಾನೇ.

ನನ್ನನ್ನು ಕಾಪಾಡಿದ್ದು ಒಂದು ಸಣ್ಣ ಸಂಗತಿ. ವಿಂಡೋಸ್ ಗಣಕದಲ್ಲಿ ‘ಆರ್’ನ ಪ್ರತಿಯೊಂದು ಆವೃತ್ತಿಯೂ ತನ್ನ ಸಂಖ್ಯೆಯ ಹೆಸರಿನ ಪ್ರತ್ಯೇಕ ಫೋಲ್ಡರಿನಲ್ಲಿ ನೆಲೆಸುತ್ತದೆ. ಹೊಸದು ಬಂದರೂ ಹಳೆಯದನ್ನು ತಾನಾಗಿ ಅಳಿಸುವುದಿಲ್ಲ. ಹುಡುಗ ಹಳೆಯ 3.5.1ನ್ನು ತೆಗೆದುಹಾಕಲು ಮರೆತಿದ್ದ! ಅದನ್ನು ತೆರೆದು ಬೀಜಸಂಖ್ಯೆ ಕೊಟ್ಟಾಗ ಅದೇ 60 ಪಟ್ಟಿಗಳು ಅದೇ ಕ್ರಮದಲ್ಲಿ ಬಂದವು. ಪರಿಶೀಲಕರು ಕನ್ನಡಕವನ್ನು ಮತ್ತೆ ಹಾಕಿಕೊಂಡರು. ಹೊಸ ಆವೃತ್ತಿಯಲ್ಲಿಯೂ ಹಳೆಯ ವಿಧಾನವನ್ನು ಬಳಸುವಂತೆ ಆಜ್ಞೆ ಕೊಡಲು ಅವಕಾಶವಿದೆಯೆಂದು, ಅದನ್ನು ಕೊಟ್ಟಾಗ ತಂತ್ರಾಂಶವು ಒಂದು ಎಚ್ಚರಿಕೆಯನ್ನು ಮುದ್ರಿಸಿ ನಂತರ ಹೇಳಿದಂತೆ ಮಾಡುತ್ತದೆಯೆಂದು ಆಮೇಲೆ ಓದಿ ತಿಳಿದೆ. ಆದರೆ ಹಳೆಯ ಆವೃತ್ತಿ ಯಾವುದೆಂಬುದೇ ಗೊತ್ತಿರದಿದ್ದರೆ ಆ ಅವಕಾಶವಿದ್ದೂ ಉಪಯೋಗವಿಲ್ಲ.

ನಮ್ಮ ವೃತ್ತಿಯ ಗುಣಮಟ್ಟ ನಿಯಂತ್ರಣದ ಮಾನದಂಡವು ಕಾರ್ಯಪತ್ರಗಳನ್ನು ಕನಿಷ್ಠ ಏಳು ವರ್ಷ ಕಾಯ್ದಿರಿಸಬೇಕೆಂದು ವಿಧಿಸುತ್ತದೆ. ‘ಆರ್’ನ ದೊಡ್ಡ ಆವೃತ್ತಿ ಸಾಮಾನ್ಯವಾಗಿ ಪ್ರತಿ ವರ್ಷ ಏಪ್ರಿಲಿನಲ್ಲಿ ಬರುತ್ತದೆ. ಅಂದರೆ ಒಂದು ಕಡತದ ಆಯುಷ್ಯದಲ್ಲಿ ಅದನ್ನು ಸಿದ್ಧಪಡಿಸಿದ ತಂತ್ರಾಂಶ ಏಳು ಸಲ ಬಟ್ಟೆ ಬದಲಾಯಿಸುತ್ತದೆ. ಕಂಪನಿಗಳ ಲೆಕ್ಕಪತ್ರ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯ ಜಾಡು ಉಳಿಯಬೇಕೆಂದು 2023ರ ಏಪ್ರಿಲ್ 1ರಿಂದ ಕಾನೂನೇ ಕಡ್ಡಾಯ ಮಾಡಿದೆ. ವಿಶ್ಲೇಷಣೆಯ ತಂತ್ರಾಂಶಕ್ಕೆ ಅಂಥ ಕಟ್ಟಳೆಯಿಲ್ಲ. ಆ ಜಾಡನ್ನು ನಾವೇ ಇಟ್ಟುಕೊಳ್ಳಬೇಕು.

ಇನ್ನು ಪ್ಯಾಕೇಜುಗಳ ಮಾತು. ನವೀಕರಣವಾದ ಮರುದಿನ ‘ನನ್ನ ಪ್ಯಾಕೇಜುಗಳೆಲ್ಲ ಮಾಯವಾದವು’ ಎಂಬ ದೂರು ಸರ್ವೇಸಾಮಾನ್ಯ. ವಾಸ್ತವವಾಗಿ ಅವು ಎಲ್ಲಿಯೂ ಹೋಗಿರುವುದಿಲ್ಲ. ಬಳಕೆದಾರನ ಪ್ಯಾಕೇಜುಗಳು ಆವೃತ್ತಿಯ ಮೊದಲ ಎರಡು ಅಂಕಿಗಳ ಹೆಸರಿನ ಫೋಲ್ಡರಿನಲ್ಲಿರುತ್ತವೆ. 4.3.1ರಿಂದ 4.3.2ಕ್ಕೆ ಹೋದರೆ ಫೋಲ್ಡರ್ ಅದೇ, ಏನೂ ವ್ಯತ್ಯಾಸವಾಗದು. 4.3ರಿಂದ 4.4ಕ್ಕೆ ಹೋದಾಗ ಹೊಸ ತಂತ್ರಾಂಶವು 4.4 ಎಂಬ ಹೊಸ ಫೋಲ್ಡರಿನಲ್ಲಿ ಹುಡುಕುತ್ತದೆ, ಅಲ್ಲಿ ಏನೂ ಇರುವುದಿಲ್ಲ. ಹೊಸ ಗೋದಾಮಿನ ಬೀಗ ತೆಗೆದು ಮಾಲು ಕಳುವಾಗಿದೆ ಎಂದು ಬೊಬ್ಬೆ ಹಾಕಿದಂತೆ! ಇದರ ಜೊತೆಗೆ 2022ರ ಏಪ್ರಿಲಿನ 4.2.0 ಆವೃತ್ತಿಯಿಂದ ವಿಂಡೋಸಿನಲ್ಲಿ ಈ ಫೋಲ್ಡರಿನ ಸ್ಥಳವನ್ನೇ ‘ಡಾಕ್ಯುಮೆಂಟ್ಸ್’ನಿಂದ ‘ಆ್ಯಪ್‌ಡೇಟಾ’ ಎಂಬ ಮರೆಯಲ್ಲಿರುವ ಜಾಗಕ್ಕೆ ಬದಲಾಯಿಸಲಾಗಿದೆ. ಆದುದರಿಂದ ‘ಡಾಕ್ಯುಮೆಂಟ್ಸ್’ನ ನಕಲು ತೆಗೆದಿಟ್ಟರೆ ಸಾಕೆಂದು ನಂಬಿದವರು ಎಚ್ಚರವಾಗಿರಬೇಕು.

ಹಳೆಯ ಪ್ಯಾಕೇಜುಗಳನ್ನು ಹೊಸ ಫೋಲ್ಡರಿಗೆ ನಕಲು ಮಾಡಿ, ಹೊಸ ಆವೃತ್ತಿಗೆ ಹೊಂದದವುಗಳನ್ನು ಪತ್ತೆಹಚ್ಚಿ ಮರುಸ್ಥಾಪಿಸುವಂತೆ ಆಜ್ಞಾಪಿಸುವುದು ತಂತ್ರಾಂಶದ ಕೈಪಿಡಿಯೇ ಸೂಚಿಸುವ ಮಾರ್ಗ. ನಾನು ಮಾತ್ರ ಬೇರೆ ದಾರಿ ಹಿಡಿದಿದ್ದೇನೆ. ನವೀಕರಣಕ್ಕೆ ಮುನ್ನ ಹಳೆಯ ಆವೃತ್ತಿಯಲ್ಲಿ ಸ್ಥಾಪಿತ ಪ್ಯಾಕೇಜುಗಳ ಹೆಸರು ಮತ್ತು ಸಂಖ್ಯೆಗಳ ಪಟ್ಟಿಯನ್ನು ತೆಗೆದು ಕಡತವಾಗಿ ಉಳಿಸುತ್ತೇನೆ. ಹೊಸ ಆವೃತ್ತಿಯನ್ನು ಹಳೆಯದರ ಪಕ್ಕದಲ್ಲಿ ಸ್ಥಾಪಿಸಿ, ಆ ಪಟ್ಟಿಯನ್ನು ಓದಿಸಿ, ಎಲ್ಲವನ್ನೂ ಹೊಸದಾಗಿ ತರಿಸಿಕೊಳ್ಳುತ್ತೇನೆ. ಸಮಯ ಹೆಚ್ಚು ಹಿಡಿಯುವುದು ನಿಜ. ನಮ್ಮ ಊರಿನ ಅಂತರಜಾಲದ ವೇಗಕ್ಕೆ ಒಂದು ರಾತ್ರಿ ಬಿಟ್ಟು ಬಿಡುವುದೇ ಲೇಸು. ಆದರೆ ಪಟ್ಟಿಯನ್ನು ಒಮ್ಮೆ ಕಣ್ಣಾಡಿಸಿದಾಗ, ಯಾರೋ ಎಂದೋ ಪ್ರಯೋಗಕ್ಕೆಂದು ಹಾಕಿಕೊಂಡು ಮರೆತ ಹತ್ತಾರು ಪ್ಯಾಕೇಜುಗಳು ಕಾಣಸಿಗುತ್ತವೆ. ಮಾಲಿನ ದಾಸ್ತಾನು ತೆಗೆಯುವಾಗ ಹುಳ ಬಿದ್ದ ಚೀಲ ಸಿಕ್ಕಂತೆ. ಅವುಗಳನ್ನು ಅಲ್ಲಿಯೇ ಬಿಡಬಹುದು.

ಪಟ್ಟಿಯಲ್ಲಿರುವುದೆಲ್ಲ ಮತ್ತೆ ಸಿಗುತ್ತದೆ ಎಂಬ ಭರವಸೆಯೂ ಇಲ್ಲ. ನಿರ್ವಹಣೆ ನಿಂತ ಪ್ಯಾಕೇಜುಗಳನ್ನು ಭಂಡಾರದವರು ಹಿಂದಕ್ಕೆ ಸರಿಸುತ್ತಾರೆ. ನಕ್ಷೆಗಳ ಕೆಲಸಕ್ಕೆ ವರ್ಷಗಟ್ಟಲೆ ಎಲ್ಲರೂ ಬಳಸುತ್ತಿದ್ದ ‘ಆರ್‌ಜಿಡಾಲ್’, ‘ಆರ್‌ಜಿಯಾಸ್’ ಮತ್ತು ‘ಮ್ಯಾಪ್‌ಟೂಲ್ಸ್’ ಎಂಬ ಮೂರು ಪ್ಯಾಕೇಜುಗಳು 2023ರ ಅಕ್ಟೋಬರಿನಲ್ಲಿ ನಿವೃತ್ತಿ ಹೊಂದಿದವು. ತಾಲೂಕುವಾರು ಆವಕದ ನಕ್ಷೆಯನ್ನು ಅವುಗಳ ಮೇಲೆ ಕಟ್ಟಿಕೊಂಡಿದ್ದವರು ಬೇರೆ ಪ್ಯಾಕೇಜಿನಲ್ಲಿ ಹೊಸದಾಗಿ ಬರೆಯಬೇಕಾಯಿತು. ನಿರ್ದಿಷ್ಟ ದಿನಾಂಕದ ಭಂಡಾರವನ್ನು ಇದ್ದಂತೆಯೇ ಕಾಪಾಡುತ್ತಿದ್ದ ಮೈಕ್ರೋಸಾಫ್ಟ್ ಸಂಸ್ಥೆಯ ಸೇವೆಯೂ 2023ರ ಜುಲೈ 1ರಂದು ಮುಚ್ಚಿತು. ಅಷ್ಟು ದೊಡ್ಡವರ ಅಂಗಡಿಯೇ ಮುಚ್ಚಬಹುದಾದರೆ, ನಮಗೆ ಬೇಕಾದ ಪ್ಯಾಕೇಜುಗಳ ಪ್ರತಿಯೊಂದನ್ನು ನಮ್ಮದೇ ಡಿಸ್ಕಿನಲ್ಲಿ ಇಟ್ಟುಕೊಳ್ಳುವುದು ಜಿಪುಣತನವೆನಿಸದು.

ಸೆಟ್ಟಿಂಗುಗಳ ವಿಷಯದಲ್ಲಿ ಒಂದೇ ಮಾತು. ಬಳಕೆದಾರನ ಸ್ವಂತ ಹೊಂದಾಣಿಕೆಗಳು ‘ಆರ್‌ಪ್ರೊಫೈಲ್’ ಮತ್ತು ‘ಆರ್‌ಎನ್‌ವಿರಾನ್’ ಎಂಬ ಚುಕ್ಕೆಯಿಂದ ಆರಂಭವಾಗುವ ಎರಡು ಕಡತಗಳಲ್ಲಿದ್ದು, ವಿಂಡೋಸಿನಲ್ಲಿ ಸಾಮಾನ್ಯವಾಗಿ ‘ಡಾಕ್ಯುಮೆಂಟ್ಸ್’ನಲ್ಲಿ ಇರುತ್ತವೆ, ನವೀಕರಣ ಅವನ್ನು ಮುಟ್ಟುವುದಿಲ್ಲ. ಆದರೆ ಇಡೀ ಕಛೇರಿಗೆ ಅನ್ವಯಿಸಲೆಂದು ‘ಆರ್‌ಪ್ರೊಫೈಲ್ ಸೈಟ್’ ಕಡತದಲ್ಲಿ ಬರೆದಿದ್ದರೆ, ಅದು ಹಳೆಯ ಆವೃತ್ತಿಯ ಫೋಲ್ಡರಿನೊಳಗೇ ‘ಇಟಿಸಿ’ ಎಂಬಲ್ಲಿ ಕುಳಿತಿರುತ್ತದೆ. ಹೊಸ ಆವೃತ್ತಿಗೆ ಅದರ ಸುದ್ದಿಯೇ ಇರುವುದಿಲ್ಲ. ಕೈಯಾರೆ ನಕಲು ಮಾಡದೆ ಹಳೆಯದನ್ನು ಅಳಿಸಿದರೆ ಅದೂ ಅಳಿಯಿತು.

ಇಷ್ಟೆಲ್ಲ ತಾಪತ್ರಯವಿದ್ದರೆ ನವೀಕರಣವೇ ಬೇಡ, ನಡೆಯುವ ಚಕ್ಕಡಿಯ ಗಾಲಿ ಏಕೆ ಬಿಚ್ಚಬೇಕು ಎಂದು ವಾದಿಸುವ ಮಿತ್ರರಿದ್ದಾರೆ. ಅವರ ಮಾತನ್ನು ನಾನು ಒಪ್ಪಲಾರೆ. ವಿಂಡೋಸಿಗೆ ಸಿದ್ಧರೂಪದ ಪ್ಯಾಕೇಜುಗಳನ್ನು ಭಂಡಾರದವರು ಇತ್ತೀಚಿನ ಮತ್ತು ಅದರ ಹಿಂದಿನ ಸರಣಿಗಳಿಗೆ ಮಾತ್ರ ಹೊಸದಾಗಿ ತಯಾರಿಸುತ್ತಾರೆ. ಎರಡು ಮೂರು ವರ್ಷ ಸುಮ್ಮನಿದ್ದವನಿಗೆ ಹೊಸ ಪ್ಯಾಕೇಜು ಸುಲಭವಾಗಿ ದಕ್ಕದು. 2024ರ ಏಪ್ರಿಲಿನ 4.4.0 ಆವೃತ್ತಿಯಲ್ಲಿ ಒಂದು ಭದ್ರತಾ ದೋಷವನ್ನು ಸರಿಪಡಿಸಲಾಯಿತು; ಅದಕ್ಕೂ ಹಿಂದಿನ ಆವೃತ್ತಿಗಳಲ್ಲಿ, ಕಿಡಿಗೇಡಿಗಳು ರೂಪಿಸಿದ ‘ಆರ್‌ಡಿಎಸ್’ ದತ್ತಾಂಶ ಕಡತವನ್ನು ತೆರೆದರೆ ಗಣಕದಲ್ಲಿ ಅನಪೇಕ್ಷಿತ ಆಜ್ಞೆಗಳು ಚಾಲನೆಗೊಳ್ಳುವ ಅಪಾಯವಿತ್ತು. ಕಕ್ಷಿದಾರರ ಲೆಕ್ಕವಿರುವ ಯಂತ್ರದಲ್ಲಿ ಇದನ್ನು ಲಘುವಾಗಿ ಎಣಿಸಲಾಗದು.

ಎಲ್ಲಕ್ಕಿಂತ ಮಿಗಿಲಾಗಿ ನಮ್ಮ ಭಾಷೆಯ ಕಾರಣವೊಂದಿದೆ. 4.2.0ಕ್ಕಿಂತ ಹಿಂದೆ ವಿಂಡೋಸಿನ ‘ಆರ್’ನಲ್ಲಿ ಕನ್ನಡದ ಊರ ಹೆಸರನ್ನು ಕೋಷ್ಟಕದಲ್ಲಿ ಮುದ್ರಿಸಿದರೆ, ‘ಚ’ ಎಂಬ ಅಕ್ಷರದ ಬದಲು ‘ಯು ಪ್ಲಸ್ 0ಸಿ9ಎ’ ಎಂಬಂಥ ಸಂಕೇತಗಳ ಸಾಲು ಬರುತ್ತಿತ್ತು. ಆ ಕಾಟ ತಾಳಲಾರದೆ ನಾವು ರೈತರ ಹೆಸರು, ಊರಿನ ಹೆಸರುಗಳನ್ನೆಲ್ಲ ಇಂಗ್ಲಿಷ್ ಅಕ್ಷರಗಳಲ್ಲಿ ದಾಖಲಿಸಿದೆವು. ಚಿಕ್ಕೇರೂರನ್ನು ನಮ್ಮ ಗುಮಾಸ್ತರು ಮೂರು ಬಗೆಯ ಕಾಗುಣಿತದಲ್ಲಿ ಬರೆದಿದ್ದರು. ಊರುವಾರು ಖರೀದಿಯ ಕೋಷ್ಟಕದಲ್ಲಿ ಇದೊಂದು ಊರು ಮೂರು ಊರಾಗಿ ಹಂಚಿಹೋಗಿ, ಯಾವುದೂ ಮೊದಲ ಹತ್ತರಲ್ಲಿ ಕಾಣಿಸಿರಲಿಲ್ಲ! 4.2.0ರಿಂದ, ವಿಂಡೋಸ್ 10ರ ಈಚಿನ ಆವೃತ್ತಿಗಳಲ್ಲಿ, ಯೂನಿಕೋಡ್ ಕನ್ನಡ ಕನ್ನಡವಾಗಿಯೇ ಮುದ್ರಣಗೊಳ್ಳುತ್ತದೆ. ಇದೊಂದಕ್ಕಾಗಿಯೇ ನವೀಕರಿಸಬಹುದಿತ್ತು. ಆದರೆ ಅದೇ ಆವೃತ್ತಿಯು 32 ಬಿಟ್ ವ್ಯವಸ್ಥೆಗೆ ವಿದಾಯ ಹೇಳಿತು. ಹಳೆಯ 32 ಬಿಟ್ ಓಡಿಬಿಸಿ ಚಾಲಕದ ಮೂಲಕ ಲೆಕ್ಕದ ತಂತ್ರಾಂಶದಿಂದ ದತ್ತಾಂಶವನ್ನು ಸೆಳೆದುಕೊಳ್ಳುತ್ತಿದ್ದವರಿಗೆ ಆ ಕೊಂಡಿ ಕಡಿದುಹೋಯಿತು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಸಿಯುವುದು ನವೀಕರಣದ ಸ್ವಭಾವ.

ಸದ್ದಿಲ್ಲದೆ ಬದಲಾಗುವ ಸಂಗತಿಗಳು ಇನ್ನೂ ಅಪಾಯಕಾರಿ. ತಂತ್ರಾಂಶ ನಿಂತುಹೋದರೆ ನಾವು ಎಚ್ಚರಗೊಳ್ಳುತ್ತೇವೆ; ಓಡುತ್ತಲೇ ಬೇರೆ ಉತ್ತರ ಕೊಟ್ಟರೆ ಗಮನಕ್ಕೇ ಬರುವುದಿಲ್ಲ. 2020ರ 4.0.0ರಲ್ಲಿ ಅಕ್ಷರಗಳ ಕಾಲಮನ್ನು ವರ್ಗಗಳೆಂದು ತಾನಾಗಿ ಪರಿಗಣಿಸುವ ಹಳೆಯ ವಾಡಿಕೆಯನ್ನು ಕೈಬಿಟ್ಟರು. ಅಲ್ಲಿಯವರೆಗೆ ಸಾರಾಂಶ ಕೇಳಿದರೆ ಪ್ರತಿ ಊರಿಗೆ ಎಷ್ಟು ಪಟ್ಟಿಗಳು ಎಂಬ ಎಣಿಕೆ ಬರುತ್ತಿದ್ದುದು, ಆಮೇಲೆ ಕಾಲಮಿನ ಒಟ್ಟು ಉದ್ದವನ್ನು ಮಾತ್ರ ಹೇಳಿ ಸುಮ್ಮನಾಗತೊಡಗಿತು.

ಆದಕಾರಣ ನಾನು ಅನುಸರಿಸುವ ನಿಯಮವು, ಕೈಬರಹದ ವಹಿಯಿಂದ ಗಣಕಕ್ಕೆ ಬಂದ ಕಾಲದಲ್ಲಿ ನಮ್ಮ ಪೇಟೆಯವರೇ ಅನುಸರಿಸಿದ್ದು. ಆಗ ಮೂರು ತಿಂಗಳು ಎರಡನ್ನೂ ನಡೆಸಿ, ಎರಡರ ಶಿಲ್ಕೂ ಪೈಸೆಗೆ ಪೈಸೆ ಕೂಡಿದ ಮೇಲೆಯೇ ಕೈಬರಹವನ್ನು ಬಿಟ್ಟರು. ಅದರಂತೆ ಹೋದ ತಿಂಗಳು ಸಿದ್ಧಪಡಿಸಿದ ಧಾರಣೆಯ ವರದಿಯೊಂದನ್ನು ಮತ್ತು ಹಳೆಯ ಮಾದರಿ ಆಯ್ಕೆಯೊಂದನ್ನು ಎರಡೂ ಆವೃತ್ತಿಗಳಲ್ಲಿ ಓಡಿಸಿ ತಾಳೆ ನೋಡುತ್ತೇನೆ. ವ್ಯತ್ಯಾಸ ಕಂಡರೆ ಕಾರಣ ತಿಳಿಯುವವರೆಗೆ ಹೊಸದರಿಂದ ಹೊರಬಿದ್ದ ಯಾವ ಅಂಕಿಗೂ ಸಹಿ ಹಾಕುವುದಿಲ್ಲ. ಕಾಲದ ಆಯ್ಕೆಯೂ ಮುಖ್ಯ. ಏಪ್ರಿಲಿನಲ್ಲಿ ಹೊಸ ಆವೃತ್ತಿ ಬಂದ ಕೂಡಲೇ ಮುಗಿಬೀಳದೆ, ಅದರ ಮೊದಲ ತಿದ್ದುಪಡಿ ಬರುವವರೆಗೆ ಕಾಯುತ್ತೇನೆ. ಆಗಸ್ಟ್ ಸೆಪ್ಟೆಂಬರುಗಳಲ್ಲಿ, ಅಂದರೆ ತೆರಿಗೆ ಲೆಕ್ಕಪರಿಶೋಧನೆಯ ಭರದಲ್ಲಿ, ಕಛೇರಿಯ ಯಾವ ಯಂತ್ರವನ್ನೂ ಮುಟ್ಟಲು ಬಿಡುವುದಿಲ್ಲ. ಹೊಸ ಫಸಲಿನ ಗೋವಿನಜೋಳ ಪೇಟೆಗೆ ಬರುವ ವಾರಗಳಲ್ಲಿ ವರ್ತಕರೂ ಮುಟ್ಟದಿರುವುದು ಒಳಿತು.

ಒಂದೊಂದು ಕೆಲಸಕ್ಕೂ ಅದರದೇ ಪ್ಯಾಕೇಜುಗಳನ್ನು ಬೇರೆಯಾಗಿ ಕಟ್ಟಿಟ್ಟು, ಅವುಗಳ ಸಂಖ್ಯೆಗಳನ್ನು ಒಂದು ಕಡತದಲ್ಲಿ ಮುದ್ರೆಯೊತ್ತಿ ಕಾಪಾಡುವ ‘ಆರ್‌ಎನ್‌ವಿ’ ಎಂಬ ಸಾಧನ ಈಗ ಲಭ್ಯವಿದೆ. ತರುಣ ಸಹವೃತ್ತಿಯವರು ಅದನ್ನು ಕಲಿಯಲಿ. ಪ್ರತಿ ಕಕ್ಷಿದಾರನಿಗೆ ಪ್ರತ್ಯೇಕ ಕಡತವಿಡುವ ನಮಗೆ ಆ ಕ್ರಮ ಅಪರಿಚಿತವೇನಲ್ಲ. ನನ್ನ ಮಟ್ಟಿಗೆ ಪ್ರತಿ ಕಡತದ ಮೊದಲ ಹಾಳೆಯ ಕೆಳಗೆ ಮೂರು ಸಾಲು ಬರೆಯಿಸುತ್ತೇನೆ: ತಂತ್ರಾಂಶದ ಆವೃತ್ತಿ, ಪ್ಯಾಕೇಜುಗಳ ಸಂಖ್ಯೆಗಳು, ಬೀಜಸಂಖ್ಯೆ. ಇವುಗಳಲ್ಲಿ ಮೊದಲ ಎರಡನ್ನು ‘ಸೆಷನ್ ಇನ್ಫೋ’ ಎಂಬ ಒಂದೇ ಆಜ್ಞೆ ಮುದ್ರಿಸಿ ಕೊಡುತ್ತದೆ. ಕಾಗದ ಹರಿದು ಅಂಟಿಸಿದರೂ ಸಾಕು.

2018ರ ಆ ಕಡತದ ಏಳು ವರ್ಷಗಳ ಅವಧಿ 2025ಕ್ಕೆ ಮುಗಿದಿದೆ. ನಮ್ಮ ಹುಡುಗ ಈಗ ಜವಾಬ್ದಾರಿಯುತ ಗುಮಾಸ್ತನಾಗಿದ್ದಾನೆ. ‘ಸಾಹೇಬ್ರ, 3.5.1 ಇನ್ನ ತೆಗೀಲೇನ್ರಿ, ಜಾಗಾ ಭಾಳ ಹಿಡದೈತಿ’ ಎಂದು ಮೊನ್ನೆ ಕೇಳಿದ. ಇನ್ನೊಂದು ವರ್ಷ ಇರಲಿ ಎಂದಿದ್ದೇನೆ.